ಯಾರಿಗೂ ದಮ್ಮಿಲ್ಲ

ನಾನು ಆಳಂದದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಹಿಂದಿಯಿಂದ ಯಾರಿಗೆ ಎಷ್ಟು ಒಳ್ಳೆಯದಾಯಿತೋ ಗೊತ್ತಿಲ್ಲ. ಒಬ್ಬ ಮನುಷ್ಯನ ಅನ್ನ ಹೋಯಿತು, ಅದು ಮಾತ್ರ ಖಾತ್ರಿ ಗೊತ್ತು. ಹೇಗೆ ಹೋಯಿತೆಂದು ಈವರೆಗೆ ಯಾರ ಮುಂದೂ ಪೂರ್ತಿ ಹೇಳಿಲ್ಲ. ನನ್ನ ಗಂಡನಿಗೂ ಅರ್ಧವೇ ಗೊತ್ತು.

ನಾವು ಮೂವರು ಅಕ್ಕತಂಗಿಯರು, ಹುಟ್ಟಿದ್ದು ಸರಸಂಬಾದಲ್ಲಿ. ಅಕ್ಕನನ್ನು ಜೇವರ್ಗಿಗೆ ಕೊಟ್ಟರು. ನಾನು ಆಳಂದದಲ್ಲೇ ಉಳಿದೆ. ತಂಗಿ ಅಫಜಲಪುರಕ್ಕೆ ಹೋದಳು. ಅವ್ವ ತೀರಿಕೊಂಡಾಗ ನಾನು ನಾಲ್ಕನೆತ್ತ, ಎಂದರೆ ನಾಲ್ಕನೆಯ ಕ್ಲಾಸು; ತಂಗಿಗೆ ಇನ್ನೂ ಶಾಲೆಯಿಲ್ಲ. ಏಳನೆತ್ತದಲ್ಲಿದ್ದ ಅಕ್ಕ ಪಾಟಿಚೀಲ ಗೂಟಕ್ಕೆ ಹಾಕಿ ಒಲೆ ಮುಂದೆ ಕೂತಳು. ನಾನು ಟೀಚರಾದದ್ದು ಅವಳು ಬಡಿದ ರೊಟ್ಟಿ ತಿಂದು.

ಅಕ್ಕನಿಗೆ ಆಗ ಇದ್ದದ್ದು ಒಂದೇ ಹುಚ್ಚು, ಈಸುವುದು. ಊರಾಚೆ ನಮ್ಮ ದೊಡ್ಡಪ್ಪನ ಹೊಲದಲ್ಲಿ ಮೆಟ್ಟಿಲ ಬಾವಿಯಿತ್ತು. ಮಧ್ಯಾಹ್ನ ಗಂಡಸರು ಊಟಕ್ಕೆ ಹೋದಾಗ ಅವಳು ಲಂಗ ಕಚ್ಚೆ ಹಾಕಿ ಮೇಲಿನ ಕಟ್ಟೆಯಿಂದ ಜಿಗಿಯುತ್ತಿದ್ದಳು. ತಳ ಮುಟ್ಟಿ ಮಣ್ಣು ತಂದು ತೋರಿಸುತ್ತಿದ್ದಳು. ಮೈನೆರೆದ ಮೇಲೆ ದೊಡ್ಡವ್ವ ಬಾವಿ ಕಡೆ ಹೋಗಬಾರದೆಂದಳು. ಅಲ್ಲಿಗೆ ಅದು ಮುಗಿಯಿತು. ಮದುವೆಯಾಗಿ ಹೋದ ಮನೆಯಲ್ಲಿ ತೊಗರಿ ರಾಶಿ ಜೋರು. ರಾಶಿಯ ದೂಳು, ಹೊಟ್ಟು ಕುಡಿದು ಕುಡಿದು ಅವಳಿಗೆ ಮೂವತ್ತೈದಕ್ಕೆ ದಮ್ಮು ಹತ್ತಿತು. ಆಮೇಲೆ ಅವಳ ಕೈಚೀಲದಲ್ಲಿ ಒಂದು ನೀಲಿ ಪಂಪು ಸದಾ ಇರುತ್ತಿತ್ತು. ಅದನ್ನು ಬಾಯಿಗಿಟ್ಟು ಎರಡು ಸಲ ಎಳೆದರೆ ಎದೆಯ ಸಿಳ್ಳು ಇಳಿಯುತ್ತಿತ್ತು.

ಕೆಲವು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ತಂಗಿಯ ಗಂಡ ಕೇದಾರಕ್ಕೆ ಹೋಗುವ ಯೋಜನೆ ಹಾಕಿದ. ಅಫಜಲಪುರದಲ್ಲಿ ಕಬ್ಬು ಸಾಗಿಸುವ ಲಾರಿಗಳ ಧಣಿ ಅವನು. ಊರಲ್ಲಿ ನಾಲ್ಕು ಜನ ಅವನ ಮಾತು ಕೇಳುತ್ತಾರೆ. ಹೀಗಾಗಿ ಐದನೆಯವನು ಕೇಳದಿದ್ದರೆ ಅವನಿಗೆ ತಡೆಯುವುದಿಲ್ಲ. ಕೇದಾರದ ಪೂಜೆ ನಮ್ಮ ಕಡೆಯ ಜಂಗಮರದ್ದೇ, ನೋಡದಿದ್ದರೆ ಹೇಗೆ ಎಂದು ಅಕ್ಕನನ್ನೂ ಒಪ್ಪಿಸಿದ. ಅಕ್ಕನ ಗಂಡನನ್ನು ನಾವು ಮಾವ ಎನ್ನುತ್ತೇವೆ. ಮಾವ ನನಗೆ ಫೋನು ಮಾಡಿ, “ಆಕಿ ಜವಾಬ್ದಾರಿ ನಿಂದ ನೋಡವಾ. ಭಾಷಾ ಗೊತ್ತಿಲ್ಲ, ದಮ್ಮ ಬ್ಯಾರೆ ಅದ,” ಎಂದರು. ನಾನು ನೋಡಿಕೊಳ್ಳುತ್ತೇನೆ ಎಂದೆ.

ಹೃಷಿಕೇಶ ಮುಟ್ಟಿದ ದಿನವೇ ಒಬ್ಬ ಡಾಕ್ಟರು ಅಕ್ಕನ ಎದೆಗೆ ಕೊಳವೆ ಹಚ್ಚಿ ನೋಡಿ, ಮೇಲೆ ಗಾಳಿ ತೆಳ್ಳಗಿರುತ್ತದೆ, ಇವರನ್ನು ಕರೆದೊಯ್ಯಬೇಡಿ ಎಂದರು. ತಂಗಿ, ಅವಳ ಗಂಡ ಬೆಟ್ಟ ಹತ್ತಿದರು. ಅಕ್ಕ, ನಾನು ನದಿ ದಂಡೆಯ ಒಂದು ಛತ್ರದಲ್ಲಿ ಉಳಿದೆವು. ಅಷ್ಟು ದೂರ ಬಂದು ಬೆಟ್ಟದ ಬುಡದಲ್ಲಿ ಕೂರಬೇಕಾಯಿತಲ್ಲ ಎಂದು ನನಗೇ ಹಳಹಳಿ. ಅಕ್ಕನಿಗೆ ಏನೂ ಇದ್ದ ಹಾಗೆ ಕಾಣಲಿಲ್ಲ. ಅವಳು ಬೆಳಗಾದರೆ ಚಹಾ ಕುಡಿದು ದಂಡೆಗೆ ಹೋಗಿ ಕೂರುತ್ತಿದ್ದಳು. ಗಾಳಿ ತುಂಬಿದ ರಬ್ಬರಿನ ದೋಣಿಗಳು ಕೆಂಪು, ನೀಲಿ, ಹಳದಿ ಬಣ್ಣದವು ಒಂದರ ಹಿಂದೆ ಒಂದು ಬರುತ್ತಿದ್ದವು. ಒಳಗೆ ಹೆಲ್ಮೆಟ್ಟು ಹಾಕಿದ ಜನ, ಕೈಯಲ್ಲಿ ಹುಟ್ಟು. ಹೆಂಗಸರೂ ಇರುತ್ತಿದ್ದರು.

ಮೂರನೆಯ ದಿನ ಅಕ್ಕ ಕೇಳಿದಳು. “ಅದ್ರಾಗ ನಮ್ಮಂಥಾವ್ರನ್ನೂ ಕೂಡಿಸ್ಕೊಂತಾರೇನ?”

“ನಿನಗ ದಮ್ಮ ಅದ ಅಕ್ಕಾ.”

“ದಮ್ಮ ಗುಡ್ಡಕ್ಕ ಆಗಿ ಬರಂಗಿಲ್ಲ. ನೀರಿಗೇನ ಆಗ್ತದ? ನಾ ಈಸಾಕಿ ಇದ್ದೇನಿ.”

ನಾನು ನಕ್ಕೆ. ಅವಳು ನಗಲಿಲ್ಲ. ತನಗಾಗಿ ಅವಳು ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ.

ತಂಗಿಯ ಗಂಡ ಕೇದಾರದಿಂದ ಇಳಿದವನೇ, “ಯಾಕ ಆಗಬಾರ್ದು? ನಾಳೆ ಮುಂಜಾನೆ ಎಲ್ಲಾರೂ ಹೋಗೂಣು,” ಎಂದ. ದಮ್ಮಿನ ವಿಷಯ ಅವನಿಗೂ ಗೊತ್ತಿತ್ತು. ಡಾಕ್ಟರ ಮುಂದೆ ಅವನೂ ನಿಂತಿದ್ದ.

ಜೀಪಿನಲ್ಲಿ ನಮ್ಮನ್ನು ನದಿಯ ಮೇಲಕ್ಕೆ ಕರೆದೊಯ್ದರು. ಅಲ್ಲಿ ಮರಳಿನ ಮೇಲೆ ನಮ್ಮ ಗೈಡ್ ಕಾಯುತ್ತಿದ್ದ. ನಲವತ್ತರ ಸುಮಾರಿನ ಪಹಾಡಿ, ಬೆಟ್ಟದ ಕಡೆಯ ಮನುಷ್ಯ. ಕುಳ್ಳ, ಸಣಕಲು, ಬಿಸಿಲಿಗೆ ಸುಟ್ಟ ಮುಖ. ನಮ್ಮ ದೋಣಿಯಲ್ಲಿ ನಾವು ನಾಲ್ವರು, ಪುಣೆ ಕಡೆಯ ಇಬ್ಬರು ಗಂಡಹೆಂಡತಿ. ಅವನು ಒಬ್ಬೊಬ್ಬರ ಜಾಕೀಟಿನ ಪಟ್ಟಿಯನ್ನು ತಾನೇ ಎಳೆದು ನೋಡಿದ. ಹುಟ್ಟು ಹೇಗೆ ಹಿಡಿಯಬೇಕು, ಮುಂದೆ ಎಂದರೆ ಏನು, ಹಿಂದೆ ಎಂದರೆ ಏನು, ನೀರಿಗೆ ಬಿದ್ದರೆ ಕಾಲು ಮುಂದೆ ಮಾಡಿ ಅಂಗಾತ ತೇಲಬೇಕು, ದೋಣಿಯ ಸುತ್ತಲಿನ ಹಗ್ಗ ಬಿಡಬಾರದು, ಎಲ್ಲ ಹೇಳಿದ. ನಾನು ಒಂದೊಂದನ್ನೂ ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಪಾಠ ಮಾಡಿದ ಹಾಗೆ ಹೇಳಿದೆ. ಖುಷಿಯಾಗಿತ್ತು ನನಗೆ.

ಕೊನೆಗೆ ಅವನು ಕೇಳಿದ. “ಯಾರಿಗಾದರೂ ಹೃದಯದ ತೊಂದರೆ, ದಮ್ಮು, ಮೂರ್ಛೆ ಇದೆಯೇ? ನಾಚಿಕೆ ಬೇಡ. ದಮ್ಮಿದ್ದವರು ಪಂಪು ನನ್ನ ಕೈಗೆ ಕೊಡಿ. ನೀರು ಹೋಗದ ಚೀಲದಲ್ಲಿ ಹಾಕಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಜೋರು ದಮ್ಮಿದ್ದವರು ದಂಡೆಯಲ್ಲಿ ಜೀಪಿನಲ್ಲಿ ಬನ್ನಿ.”

ಅವನ ಕಣ್ಣು ಅಕ್ಕನ ಮೇಲಿತ್ತು. ನಾನು ಅವಳ ಕಡೆ ತಿರುಗಿದೆ. ಅವನು ಹೇಳಿದ್ದರಲ್ಲಿ ಅರ್ಧ ಮಾತ್ರ ಹೇಳಿದೆ. “ದಮ್ಮ ಇದ್ದಾವ್ರು ಜೀಪಿನ್ಯಾಗ ಬರ್ರಿ ಅನ್ನಾಕತ್ತಾನ.”

ಅಕ್ಕ ನನ್ನ ಮುಂಗೈ ಹಿಡಿದಳು. “ಹೇಳಬ್ಯಾಡ ಬೇ. ನಿನ್ನ ಕಾಲಿಗಿ ಬೀಳ್ತೇನಿ, ಹೇಳಬ್ಯಾಡ.”

ಪಂಪಿನ ಮಾತನ್ನು ನಾನು ಯಾಕೆ ಬಿಟ್ಟೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ದುರುದ್ದೇಶವಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ತಂಗಿಯ ಗಂಡ ಆಗಲೇ ದೋಣಿಗೆ ಕಾಲಿಟ್ಟು “ಜಲ್ದಿ ಬರ್ರಿ ಅಕ್ಕಾರ” ಎನ್ನುತ್ತಿದ್ದ. ಆ ಮಾತು ಉದ್ದವಿತ್ತು, ನಾನು ಕತ್ತರಿಸಿದೆ. ಅಷ್ಟೇ. ಅದನ್ನು ಹೇಳಿದ್ದರೆ ಅಕ್ಕ ಪಂಪು ಕೊಡುತ್ತಿದ್ದಳೇನೋ. ಪಂಪು ಕೈಚೀಲದಲ್ಲಿತ್ತು. ಕೈಚೀಲ ಜೀಪಿನಲ್ಲಿ ಉಳಿಯಿತು.

ನಾನು ಗೈಡನ ಕಡೆ ತಿರುಗಿ ಶುದ್ಧ ಹಿಂದಿಯಲ್ಲಿ ಹೇಳಿದೆ: “ಇಲ್ಲ. ಯಾರಿಗೂ ದಮ್ಮಿಲ್ಲ.”

ನದಿ ಬಂಡೆಗಳ ನಡುವೆ ರಭಸದಿಂದ ಧುಮುಕುವ ಮೊದಲ ಇಳುಕಲು ಬಂದಾಗ ನೀರು ನಮ್ಮ ತಲೆ ಮೇಲಿಂದ ಹಾಯಿತು. ಬೆಟ್ಟದ ಹಿಮ ಕರಗಿದ ನೀರು, ಮೈ ಕೊರೆಯುತ್ತಿತ್ತು. ದೋಣಿ ಮೇಲೆದ್ದು ದಪ್ಪೆಂದು ಬಿತ್ತು. ನಾನು ಕಣ್ಣು ಮುಚ್ಚಿ ಹುಟ್ಟು ಎತ್ತೆತ್ತಲೋ ಬೀಸಿದೆ. ಅಕ್ಕ ಮುಂದಿದ್ದಳು, ಗೈಡ್ ಹೇಳಿದ ತಾಳಕ್ಕೇ ಹುಟ್ಟು ಹಾಕುತ್ತಿದ್ದಳು. ನೀರು ಸಮವಾದಾಗ ತಿರುಗಿ ನೋಡಿದಳು. ನೆತ್ತಿಯಿಂದ ನೀರು ಸುರಿಯುತ್ತಿತ್ತು, ಬಾಯಿ ತುಂಬ ನಗು. ಹಿಂದೆ ಕೂತು ದೋಣಿ ತಿರುಗಿಸುತ್ತಿದ್ದ ಗೈಡ್, “ಈ ದೀದಿಯ ಹಾಗೆ ಎಲ್ಲರೂ ಹಾಕಿದರೆ ನಾನು ಮಲಗಬಹುದು,” ಎಂದ. ಅದನ್ನು ಅನುವಾದಿಸಿ ಹೇಳಿದೆ. ಅಕ್ಕ ನಾಚಿಕೊಂಡಳು.

ಸಮ ನೀರಿನಲ್ಲಿ, ಬೇಕಾದವರು ಹಗ್ಗ ಹಿಡಿದು ಇಳಿಯಬಹುದೆಂದ. ನಾವ್ಯಾರೂ ಇಳಿಯಲಿಲ್ಲ. ಅಕ್ಕ ಇಳಿದಳು. ಸ್ವಲ್ಪ ಹೊತ್ತು ಹಗ್ಗ ಹಿಡಿದಿದ್ದಳು, ಆಮೇಲೆ ಬಿಟ್ಟು ಅಂಗಾತ ತೇಲಿದಳು. ಎರಡೂ ಕಡೆ ಗುಡ್ಡ, ನಡುವೆ ಹಸಿರು ನೀರು, ನೀರಿನ ಮೇಲೆ ಐವತ್ತೆರಡು ವರ್ಷದ ನಮ್ಮ ಅಕ್ಕ. ಗೈಡ್ ಅವಳ ಜಾಕೀಟಿನ ಭುಜ ಹಿಡಿದು ದೋಣಿಯೊಳಕ್ಕೆ ಎಳೆದುಕೊಂಡಾಗ ಅವಳ ತುಟಿ ನೀಲಿಗಟ್ಟಿತ್ತು. ಎದೆಯಲ್ಲಿ ಸಣ್ಣಗೆ ಸಿಳ್ಳು ಎದ್ದಿದ್ದು ನನಗೆ ಕೇಳಿಸಿತು.

“ಅಕ್ಕಾ, ಹತ್ತಾಕತ್ತದೇನ?”

“ಗಪ್ ಕೂಡ. ಥಂಡಿಗೆ ಆಗ್ಯದ.”

ಗೈಡ್ ನನ್ನನ್ನೇ ಕೇಳಿದ, ದೀದಿ ಸರಿ ಇದ್ದಾರೆಯೇ ಎಂದು. ಸರಿ ಇದ್ದಾರೆ ಎಂದೆ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕೆ ಅಕ್ಕ ಕಾರಣ ಎನ್ನಬಹುದು. ಇದಕ್ಕೆ ನಾನೇ.

ಮೂರನೆಯ ಇಳುಕಲು ದೊಡ್ಡದು. ಗೈಡ್ ಮೊದಲೇ ಹೇಳಿದ್ದ, ಇಲ್ಲಿ ಎಡಗಡೆಯವರು ಕೈ ನಿಲ್ಲಿಸಿದರೆ ದೋಣಿ ಅಡ್ಡವಾಗುತ್ತದೆ, ಏನೇ ಆದರೂ ಹುಟ್ಟು ಬಿಡಬೇಡಿ ಎಂದು. ಎಡಗಡೆ ಮುಂದೆ ತಂಗಿಯ ಗಂಡ. ಎದುರಿಗೆ ಬಿಳಿ ನೀರಿನ ಗೋಡೆ ಕಂಡಿದ್ದೇ ಅವನು ಹುಟ್ಟು ಬಿಟ್ಟು ದೋಣಿಯ ತಳಕ್ಕೆ ಕುಕ್ಕರಿಸಿದ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಗೈಡ್ ಕೂಗುತ್ತಿದ್ದ. ದೋಣಿ ಅಡ್ಡ ತಿರುಗಿ, ಒಂದು ಮಗ್ಗುಲಿಗೆ ಎದ್ದು, ಮಗುಚಿಬಿತ್ತು.

ನಾನು ಮೇಲೆ ಬಂದಾಗ ಕೈಗೆ ಹಗ್ಗ ಸಿಕ್ಕಿತ್ತು. ತಂಗಿ ಪಕ್ಕದಲ್ಲಿ ಕೆಮ್ಮುತ್ತಿದ್ದಳು, ಅವಳ ಗಂಡನೂ ಅಲ್ಲೇ ಇದ್ದ. ಪುಣೆಯವರನ್ನು ಹಿಂದಿನ ದೋಣಿ ಎತ್ತಿಕೊಂಡಿತು. ಅಕ್ಕ ದೂರ ಹೋಗುತ್ತಿದ್ದಳು. ಕಾಲು ಮುಂದೆ ಮಾಡಿ ಅಂಗಾತ ತೇಲುತ್ತಿದ್ದಳು, ಹೇಳಿಕೊಟ್ಟ ಹಾಗೆಯೇ. ಆದರೆ ಬಾಯಿ ತೆರೆದಿತ್ತು, ಉಸಿರು ಎಳೆಯಲಾಗುತ್ತಿರಲಿಲ್ಲ. ಗೈಡ್ ಹಗ್ಗ ಎಸೆದ. ಅದು ಅವಳ ಎದೆ ಮೇಲೇ ಬಿತ್ತು, ಅವಳು ಹಿಡಿಯಲಿಲ್ಲ. ಅವನು ದೋಣಿ ಬಿಟ್ಟು ಹಾರಿ ಈಜಿದ. ಅವಳನ್ನು ಹಿಡಿದು ತಿರುಗುವಾಗ ನೀರು ಇಬ್ಬರನ್ನೂ ಒಂದು ಬಂಡೆಗೆ ಅಪ್ಪಳಿಸಿತು. ಅವನು ತನ್ನ ಭುಜ ಒಡ್ಡಿದ. ಅಷ್ಟು ದೂರದಿಂದ ಅದೊಂದು ನನಗೆ ಸ್ಪಷ್ಟ ಕಂಡಿತು.

ದಂಡೆಯ ಮೇಲೆ ಅವನು ಬಲಗೈ ಜೋತುಬಿಟ್ಟು ಎಡಗೈಯಲ್ಲಿ ಅಕ್ಕನನ್ನು ಕೂರಿಸಿದ್ದ. ಅವಳ ಎದೆಯ ಸದ್ದು ಕೇಳಿ ನನ್ನ ಮುಖ ನೋಡಿದ. “ಇವರಿಗೆ ದಮ್ಮಿದೆ. ಪಂಪು ಎಲ್ಲಿ?”

“ಜೀಪಿನಲ್ಲಿ.”

ಅವನು ಬೈಯಲಿಲ್ಲ. ಯಾರಿಗೋ ಕೂಗಿ ಹೇಳಿ ಜೀಪು ತರಿಸಿದ. ಪಂಪು ಬಂತು, ಸಾಲಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕನ ಮುಖಕ್ಕೆ ಆಕ್ಸಿಜನ್ ಹಾಕಿ ಎರಡು ದಿನ ಇಟ್ಟುಕೊಂಡರು. ಬದುಕಿದಳು. ಡಾಕ್ಟರು ಬಂದು ಅಪಾಯವಿಲ್ಲ ಎನ್ನುವವರೆಗೆ ಗೈಡ್ ಹೊರಗಿನ ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲೇ ಕೈ ಹಿಡಿದುಕೊಂಡು ಕೂತಿದ್ದ. ಆಮೇಲೆ ತಾನು ಭುಜ ತೋರಿಸಿಕೊಳ್ಳಲು ಹೋದ. ಹೋಗುವ ಮುಂಚೆ ಅಕ್ಕ ಹೇಗಿದ್ದಾಳೆಂದು ತಿಳಿಯಲು ನನ್ನ ನಂಬರು ಬರೆದುಕೊಂಡ. ತಂಗಿಯ ಗಂಡನಿಗೆ ಒಂದೇ ಮಾತು ಹೇಳಿದ, ಹತ್ತು ಜನರ ಎದುರಿಗೆ: “ನೀವು ಹುಟ್ಟು ಬಿಡದಿದ್ದರೆ ಇದು ಆಗುತ್ತಿರಲಿಲ್ಲ ಸಾಹೇಬ್.”

ಆ ಮಾತೇ ಅವನಿಗೆ ಮುಳುವಾಯಿತು.

ಮರುದಿನ ಆಸ್ಪತ್ರೆಯಲ್ಲೇ ತಂಗಿಯ ಗಂಡ ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟ. “ಅಕ್ಕಾರ, ಶಿಕಾಯತ್ ಬರೀರಿ. ನೀವು ಹಿಂದಿ ಟೀಚರ್ ಇದ್ದೀರಿ, ನಿಮ್ಮ ಅಕ್ಷರ ಮುತ್ತಿನಂಗ ಅದಾವ. ಇಂಥಾವ್ರಿಗಿ ಪರ್ವಾನಗಿ ಕೊಡೂ ಆಫೀಸು ಇಲ್ಲೇ ಅದ.”

“ಏನಂತ ಬರೀಲಿ?”

“ದಮ್ಮ ಅದ ಏನು ಅಂತ ಅಂವ ಕೇಳಲೇ ಇಲ್ಲ ಅಂತ ಬರೀರಿ.”

“ಅಂವ ಕೇಳಿದ್ದ. ನಾನೇ ಇಲ್ಲ ಅಂದೆ.”

ಅವನು ಕುರ್ಚಿ ಎಳೆದುಕೊಂಡು ಕೂತ. ದನಿ ಏರಿಸಲಿಲ್ಲ. “ಹಂಗಾದ್ರ ಜೇವರ್ಗಿ ಮಾವಾರಿಗಿ ಅದನ್ನೇ ಹೇಳ್ಲೇನ್ರಿ? ನಿಮ್ಮ ಕೈಯಾಗ ಕೊಟ್ಟ ಕಳಿಸಿದ್ರು. ನೀವೇ ಸುಳ್ಳ ಹೇಳಿ ನೀರಿಗಿಳಿಸಿದ್ರಿ ಅಂತ ಹೇಳ್ಲೇನ್ರಿ?”

ತಂಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಪೆನ್ನು ತೆಗೆದುಕೊಂಡೆ.

ಅವನು ಹೇಳಿದ್ದು ಒರಟು ಮಾತು. ನಾನು ಅದಕ್ಕೆ ಕಚೇರಿಯ ಹಿಂದಿ ತೊಡಿಸಿದೆ. ಮಾರ್ಗದರ್ಶಕನು ಯಾವ ಸುರಕ್ಷತಾ ಸೂಚನೆಯನ್ನೂ ನೀಡಲಿಲ್ಲ, ಪ್ರಯಾಣಿಕರ ಆರೋಗ್ಯದ ಬಗ್ಗೆ ವಿಚಾರಿಸಲಿಲ್ಲ, ಅವನ ಅಜಾಗರೂಕತೆಯಿಂದ ದೋಣಿ ಮಗುಚಿತು. ಸೂಚನೆ ನೀಡಲಿಲ್ಲ ಎಂಬುದು ತಂಗಿಯ ಗಂಡ ಹೇಳಿದ್ದಲ್ಲ. ವಾಕ್ಯಕ್ಕೆ ತೂಕ ಬರಲೆಂದು ನಾನೇ ಸೇರಿಸಿದ್ದು. ಒಂದು ಪದಕ್ಕೂ ಕಾಟು ಹೊಡೆಯದೆ ಬರೆದೆ. ಕೆಳಗೆ ಸಹಿ ಹಾಕಿ, ಹಿಂದಿ ಶಿಕ್ಷಕಿ ಎಂದು ಬರೆದೆ.

ಒಳಗಿನ ಕೋಣೆಯಲ್ಲಿ ಅಕ್ಕ ಮಲಗಿದ್ದಳು. ಅವಳಿಗೆ ನಾವು ಏನೂ ಹೇಳಲಿಲ್ಲ.

ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ಸ್ಟಾಫ್ ರೂಮಿನಲ್ಲಿದ್ದಾಗ ಫೋನು ಬಂತು. ಗೈಡ್. ಮೊದಲು ದೀದಿ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದೆ. ಆಮೇಲೆ ಹೇಳಿದ: “ಮಳೆ ಮುಗಿದ ಮೇಲೆ ದೋಣಿ ಮತ್ತೆ ಶುರುವಾಗುತ್ತದೆ. ನನ್ನ ಹೆಸರು ತೆಗೆದುಹಾಕಿದ್ದಾರೆ. ನಿಮ್ಮ ಕಾಗದ ಓದಿ ತೋರಿಸಿದರು. ನೀವು ದೀದಿಯನ್ನು ನಿಮ್ಮ ಭಾಷೆಯಲ್ಲಿ ಏನೋ ಕೇಳಿದಿರಿ ಮೇಡಂ, ನಾನು ನೋಡುತ್ತಿದ್ದೆ. ದೀದಿ ನಿಮ್ಮ ಕೈ ಹಿಡಿದುಕೊಂಡು ಏನೋ ಹೇಳಿದರು. ಏನು ಹೇಳಿದರು?”

ಪಕ್ಕದಲ್ಲಿ ಇಬ್ಬರು ಸಹೋದ್ಯೋಗಿಗಳು ಡಬ್ಬಿ ಬಿಚ್ಚುತ್ತಿದ್ದರು. ನಾನು ಫೋನು ಕತ್ತರಿಸಿದೆ. ಅವನು ಮತ್ತೆರಡು ಸಲ ಮಾಡಿದ. ಎತ್ತಲಿಲ್ಲ. ಆಮೇಲೆ ಅವನು ಮಾಡಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಅಕ್ಕ ನಮ್ಮನ್ನೆಲ್ಲ ಜೇವರ್ಗಿಗೆ ಊಟಕ್ಕೆ ಕರೆದಳು. ಹೋಳಿಗೆ ಬಡಿಸುವ ಹೊತ್ತಿಗೆ ತಂಗಿಯ ಗಂಡ ನದಿಯ ಕಥೆ ತೆಗೆದ. ಅವನ ಕಥೆಯಲ್ಲಿ ಅವನು ಕೊನೆಯವರೆಗೆ ಹುಟ್ಟು ಹಾಕಿದ್ದ. “ಆ ಗೈಡ್‌ಗ ಬಿಡಲಿಲ್ಲ ನಾ. ಶಿಕಾಯತ್ ಕೊಟ್ಟು ಮನೀಗಿ ಕಳಿಸೇನಿ. ದಮ್ಮ ಅದ ಏನು ಅಂತ ಒಂದ ಮಾತು ಕೇಳಲಿಲ್ಲ ಮಗ. ಬೇಕಾದ್ರ ಅಕ್ಕಾರಿಗಿ ಕೇಳ್ರಿ, ಅವ್ರೇ ಬರದಾರ.”

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಅಕ್ಕ ನನ್ನ ಕಡೆ ತಿರುಗಿದಳು. “ನೀ ಬರದೀ?”

ನಾನು ತಾಟಿನೊಳಗಿನ ಹೋಳಿಗೆ ಮುರಿದೆ.

ಅಕ್ಕ ಗಿಂಡಿ ಕೆಳಗಿಟ್ಟಳು. ಗಂಡನ ಮುಂದೆ, ಮನೆ ಮಂದಿಯ ಮುಂದೆ, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. “ಅಂವ ಕೇಳಿದ್ದ. ನಾನೇ ಹೇಳಬ್ಯಾಡ ಅಂದಿದ್ದೆ. ನನ್ನ ಗಲತಿ ಅದು. ಅಂವ ಇಲ್ಲದಿದ್ರ ಇವತ್ತ ನೀವು ನನ್ನ ಫೋಟೋಕ್ಕ ಹೂ ಹಾಕಿ ಹೋಳಗಿ ಉಣ್ತಿದ್ರಿ.”

ಮಾವ ಎದ್ದು ಕೈ ತೊಳೆದರು. “ಅಂದ್ರ ನೀನೂ ಸುಳ್ಳ ಹೇಳಿ ಹೋಗಿದ್ದಿ,” ಎಂದಷ್ಟೇ ಹೇಳಿ ಹೊರಗೆ ಹೋದರು. ಆ ದಿನದ ನಂತರ ಅಕ್ಕನನ್ನು ಅವರು ಜೇವರ್ಗಿ ಬಿಟ್ಟು ಎಲ್ಲಿಗೂ ಕಳಿಸಿಲ್ಲ, ಆಸ್ಪತ್ರೆಗೆ ಹೊರತು. ಬಚಾವಾಗಲು ಸುಳ್ಳು ಬರೆದವಳು ನಾನು. ಖರೇ ಹೇಳಿದ್ದಕ್ಕೆ ದಂಡ ಬಿದ್ದದ್ದು ಅವಳಿಗೆ.

ಆ ಸಂಜೆಯೇ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. “ಅವ್ನಿಗಿ ಫೋನ್ ಹಚ್ಚು. ನಾ ಹೇಳಿದ್ದನ್ನ ಹಂಗಾಹಂಗ ಹೇಳು. ಒಂದ ಅಕ್ಷರ ಕಡಿಮಿ ಮಾಡಬ್ಯಾಡ.”

ಹಚ್ಚಿದೆ. ಅವನು ಎತ್ತಿದ. ಅಕ್ಕ ಹೇಳುತ್ತ ಹೋದಳು, ನಾನು ಹಿಂದಿಯಲ್ಲಿ ಹೇಳುತ್ತ ಹೋದೆ. ತಪ್ಪು ನನ್ನದು. ನನ್ನ ತಂಗಿ ಸುಳ್ಳು ಬರೆದಿದ್ದಾಳೆ. ನನ್ನನ್ನು ಉಳಿಸಿದವನ ಹೊಟ್ಟೆ ಮೇಲೆ ನಾವು ಹೊಡೆದೆವು. “ನನ್ನ ತಂಗಿ ಸುಳ್ಳು ಬರೆದಿದ್ದಾಳೆ” ಎಂದು ನನ್ನ ಬಾಯಿಂದಲೇ ಹೇಳಬೇಕಾದಾಗ ಫೋನು ಕಿವಿಯಿಂದ ಇಳಿಸಿದೆ. ಅಕ್ಕ ಕಾದಳು, ಹೇಳುವವರೆಗೆ ಬಿಡಲಿಲ್ಲ.

ಅವನು ಎಲ್ಲ ಕೇಳಿಸಿಕೊಂಡ. “ದೀದಿಗೆ ನಮಸ್ಕಾರ ಹೇಳಿ,” ಎಂದ. “ಇದನ್ನೇ ಬರೆದು ಕಳಿಸುತ್ತೀರಾ ಮೇಡಂ?”

ಬರೆದೆ. ಈ ಸಲ ಅಕ್ಷರ ಸೊಟ್ಟಾದವು. ಪರ್ವಾನಗಿಯ ಆ ಆಫೀಸಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿದ ಚೀಟಿ ಬಂತು, ಉತ್ತರ ಬರಲಿಲ್ಲ. ಮತ್ತೊಂದು ಬರೆದೆ, ಮೂರನೆಯದೂ ಬರೆದೆ. ಕಡೆಗೆ ಒಂದು ಸಾಲು ಬಂತು: ಸದರಿ ಪ್ರಕರಣ ಮುಗಿದಿದೆ. ನನ್ನ ಮೊದಲ ಕಾಗದ ನಂಬಲು ಅವರಿಗೆ ಹೆಚ್ಚು ದಿನ ಹಿಡಿಯಲಿಲ್ಲ, ಎರಡನೆಯದನ್ನು ನಂಬುವವರಿಲ್ಲ. ದೀಪಾವಳಿಗೆ ನಾನೇ ಫೋನು ಮಾಡಿದಾಗ ಗೈಡ್ ಹೇಳಿದ, ಈಗ ಹೆಸರು ಸೇರಿಸಿದರೂ ಅಷ್ಟೇ, ಭುಜ ಸರಿಯಾಗಿ ಕೂತಿಲ್ಲ, ಹುಟ್ಟು ಎತ್ತಲಾಗುವುದಿಲ್ಲ. ಊರಲ್ಲಿ ತಮ್ಮನ ಚಹಾ ಅಂಗಡಿಯಲ್ಲಿ ಕೂರುತ್ತೇನೆ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಂಗಿಯ ಗಂಡ ಈಗಲೂ ಮದುವೆ ಮುಂಜಿಗಳಲ್ಲಿ ಆ ಕಥೆ ಹೇಳುತ್ತಾನೆ. ನಾನು ಅಲ್ಲಿದ್ದರೆ ನನ್ನ ಹೆಸರು ಎತ್ತುವುದಿಲ್ಲ, ಅಷ್ಟೇ. ಹತ್ತನೆತ್ತದ ಮಕ್ಕಳಿಗೆ ದೂರು ಪತ್ರ ಬರೆಯುವ ಪಾಠ ಪ್ರತಿ ವರ್ಷ ಬರುತ್ತದೆ. ಎಡಗಡೆ ದಿನಾಂಕ, ನಡುವೆ ವಿಷಯ, ಕೊನೆಗೆ ಭವದೀಯ. ನಾನು ಬೋರ್ಡಿಗೆ ಬರೆದು, ನಕಲು ಮಾಡಿಕೊಳ್ಳಿ ಎಂದು ಕುರ್ಚಿಯಲ್ಲಿ ಕೂತುಬಿಡುತ್ತೇನೆ.

ಅಕ್ಕ ನನ್ನೊಡನೆ ಮಾತು ಬಿಟ್ಟಿಲ್ಲ. ಹೋದರೆ ಉಣಿಸುತ್ತಾಳೆ, ಬರುವಾಗ ಶೇಂಗಾಚಟ್ನಿ ಕಟ್ಟಿ ಕೊಡುತ್ತಾಳೆ. ಕಲಬುರಗಿಯ ಅವಳ ಎದೆಯ ಡಾಕ್ಟರು ಹಿಂದಿಯವರು. ಅವರ ಹತ್ತಿರ ಮಾತಾಡಲು ಎಷ್ಟೋ ವರ್ಷ ನಾನೇ ಜೊತೆಗೆ ಹೋಗುತ್ತಿದ್ದೆ. ಕಳೆದ ಸಲ ಅವಳ ತಪಾಸಣೆ ಇದೆ ಎಂದು ತಿಳಿದು ರಜೆ ಹಾಕಿ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಅವಳು ಮಾವನ ಜೊತೆ ಬಂದಳು. ನನ್ನನ್ನು ನೋಡಿ, “ಆರಾಮ ಅದೀ?” ಎಂದಳು. ಅವಳ ಹೆಸರು ಕೂಗಿದಾಗ ನಾನೂ ಎದ್ದೆ. ಅವಳು ನನ್ನ ಭುಜ ಮುಟ್ಟಿ ಕೂರಿಸಿದಳು. “ನೀ ಇಲ್ಲೇ ಕೂಡ. ನನಗ ಬಂದಷ್ಟು ನಾನೇ ಹೇಳ್ತೇನಿ.”

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಅವಳು ಉರ್ದು, ಹಿಂದಿ, ಕನ್ನಡ ಎಲ್ಲ ಕಲಸಿ, ತಡವರಿಸಿ, ತನ್ನ ದಮ್ಮಿನ ಬಗ್ಗೆ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಡಾಕ್ಟರು ಎರಡೆರಡು ಸಲ ಕೇಳುತ್ತಿದ್ದರು. ಅವಳು ಎರಡೆರಡು ಸಲ ಹೇಳುತ್ತಿದ್ದಳು.